1969 ಜುಲೈ 21, ಸೋಮವಾರ: ಅವತ್ತು ಬೆಂಗಳೂರಿನಲ್ಲಿ ಏನು ನಡೆದಿತ್ತು, ಯಾವುದಕ್ಕೆ ಎಷ್ಟಿತ್ತು?

ಗಾಂಧಿಬಜಾರ್ ಓದುಗ:

ಅರವತ್ತರ ದಶಕ ಅಂದ ತಕ್ಷಣ ವಾಟ್ಸಾಪಿನಲ್ಲಿ ಒಂದು ಪಟ್ಟಿ ಸುತ್ತುತ್ತೆ, ನೀವೂ ನೋಡಿರುತ್ತೀರಿ. ದೋಸೆ ಇಷ್ಟು ಪೈಸೆ, ಚಿನ್ನ ಇಷ್ಟು ರೂಪಾಯಿ, ಕೆಳಗೆ ಆ ಕಾಲವೇ ಚಂದ ಅಂತ ಒಂದು ಸಾಲು. ಯಾವ ವರ್ಷ, ಯಾವ ಊರು, ಯಾರ ಸಂಬಳಕ್ಕೆ ಅಂತ ಏನೂ ಇರಲ್ಲ. 1960ರ ಬೆಲೆಯೇ ಬೇರೆ, 1969ರ ಬೆಲೆಯೇ ಬೇರೆ. ನಡುವೆ 1962ರ ಯುದ್ಧ, 1965ರ ಯುದ್ಧ, ಅದರ ಬೆನ್ನಿಗೇ ಎರಡು ವರ್ಷ ಬರ, 1966ರಲ್ಲಿ ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳಿದದ್ದು, ಎಲ್ಲ ಆಗಿಹೋಗಿತ್ತು.

ಅದಕ್ಕೇ ಇಲ್ಲಿ ಒಂದೇ ಒಂದು ದಿನ ಹಿಡಿಯೋಣ ಅಂತ ನನ್ನ ಆಸೆ. 1969 ಜುಲೈ 21, ಸೋಮವಾರ. ಆ ದಿನವೇ ಯಾಕೆ ಅಂದರೆ, ಅದರ ಹಿಂದಿನ ವಾರವಷ್ಟೇ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ಮುಗಿದಿತ್ತು. ಪಕ್ಷ ಒಡೆಯೋ ಸೂಚನೆ ಬೆಂಗಳೂರಿನಲ್ಲೇ ಕಾಣಿಸಿತ್ತು. 19ನೇ ತಾರೀಕು ಶನಿವಾರ 14 ಬ್ಯಾಂಕು ಸರ್ಕಾರದ್ದಾದವು. ಸೋಮವಾರ ಬೆಳಗ್ಗೆ ನಮ್ಮ ಗಡಿಯಾರದಲ್ಲಿ ಸುಮಾರು ಎಂಟೂವರೆಗೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಇಷ್ಟೆಲ್ಲ ಆಗ್ತಿದ್ದಾಗ ನಿಮ್ಮ ಮನೆಯಲ್ಲಿ ಒಲೆ ಮೇಲೆ ಏನಿತ್ತು, ಜೇಬಿನಲ್ಲಿ ಎಷ್ಟಿತ್ತು, ಯಾವ ಹಾಡು ಗುನುಗುತ್ತಿದ್ದಿರಿ? ಅಷ್ಟು ಬರೀರಿ ಸಾಕು.

ನಾನು ಶುರು ಮಾಡ್ತೀನಿ. ನಾನಾಗ ಹೈಸ್ಕೂಲು. ಅಪ್ಪ ಗುಮಾಸ್ತರು, ಎಲ್ಲ ಕಳೆದು ಕೈಗೆ ಬರ್ತಿದ್ದದ್ದು ಇನ್ನೂರಕ್ಕೆ ಸ್ವಲ್ಪ ಕಡಿಮೆ. ಆ ವರ್ಷ ಹತ್ತು ಗ್ರಾಂ ಚಿನ್ನ 176 ರೂಪಾಯಿ ಆಸುಪಾಸು. ಅಂದರೆ ತಿಂಗಳಿಡೀ ದುಡಿದರೆ ಹತ್ತು ಗ್ರಾಂ ಚಿನ್ನ, ಆದರೆ ಆ ತಿಂಗಳು ಬಾಡಿಗೆ ಕೊಡಬಾರದು, ಊಟ ಮಾಡಬಾರದು! ಚಿನ್ನ ಅಗ್ಗವಾಗಿತ್ತು ಅನ್ನೋರು ಈ ಲೆಕ್ಕ ಒಂದ್ಸಲ ಹಾಕಿ ನೋಡಬೇಕು. ಅದೂ ಐದು ವರ್ಷ ಹಿಂದೆ, 1964ರಲ್ಲಿ 63 ರೂಪಾಯಿ ಇದ್ದದ್ದು. ಐದೇ ವರ್ಷದಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು. ಅಪ್ಪನ ಸಂಬಳ ಮೂರು ಪಟ್ಟು ಆಗಿರಲಿಲ್ಲ.

ಮಲ್ಲೇಶ್ವರದ ಅಕ್ಕ:

ಒಳ್ಳೆ ದಿನ ಹಿಡಿದಿದ್ದೀರಿ ಸರ್. ನನಗೆ ಆ ಬೆಳಗ್ಗೆ ಚೆನ್ನಾಗಿ ನೆನಪಿದೆ. ನಮ್ಮ ವಠಾರದಲ್ಲಿ ರೇಡಿಯೋ ಇದ್ದದ್ದು ಮುಂದಿನ ಮನೆಯವರ ಹತ್ತಿರ ಮಾತ್ರ. ದೊಡ್ಡ ಮರದ ಪೆಟ್ಟಿಗೆ, ಮೇಲೆ ಕ್ರೋಶಾ ಹಾಕಿದ ಬಟ್ಟೆ. ಸ್ವಿಚ್ ಹಾಕಿದರೆ ತಕ್ಷಣ ಮಾತಾಡ್ತಿರಲಿಲ್ಲ. ಮೊದಲು ಒಳಗೆ ಕೆಂಪಗೆ ಕಾಯಬೇಕು, ಆಮೇಲೆ ಹಸಿರು ಕಣ್ಣು ಬಿಡಬೇಕು. ಮುಳ್ಳು ಕೂದಲೆಳೆಯಷ್ಟು ಸರಿದರೂ ಆ ಕಣ್ಣು ಅಗಲ ಆಗೋದು, ಕಿರಿದಾಗೋದು. ಅದನ್ನ ನೋಡಿಕೊಂಡೇ ಸ್ಟೇಷನ್ ಹಿಡಿಯಬೇಕಿತ್ತು. ಅವತ್ತು ಅವರ ದೊಡ್ಡ ಮಗ ಶಾರ್ಟ್ ವೇವಿನಲ್ಲಿ ವಾಯ್ಸ್ ಆಫ್ ಅಮೆರಿಕ ಹಿಡಿದಿದ್ದ. ದನಿ ಹತ್ತಿರ ಬಂದಂಗೆ ಆಗೋದು, ಮತ್ತೆ ಸೊಯ್ ಅಂತ ದೂರ ಹೋಗೋದು. ಕಾಲೇಜು ಹುಡುಗರು ಇಂಗ್ಲಿಷ್ ಕೇಳಿ ಕೇಳಿ ನಮಗೆಲ್ಲ ಕನ್ನಡದಲ್ಲಿ ಹೇಳ್ತಿದ್ದರು. ಶಾಲೆಗೆ ಹೊತ್ತಾಯ್ತು ಅಂತ ಅಮ್ಮ ಕೂಗಿದರೂ ಯಾರೂ ಕದಲಲಿಲ್ಲ.

ಆಷಾಢ ಬೇರೆ. ಗಾಳಿ, ಮೋಡ. ಸಂಜೆ ಮೋಡ ಸರಿದಾಗ ಅರ್ಧಕ್ಕೆ ಸ್ವಲ್ಪ ಕಡಿಮೆ ಚಂದ್ರ ಕಂಡ. ಎಲ್ಲರೂ ಅಂಗಳಕ್ಕೆ ಬಂದು ನೋಡಿದೆವು. ನಾವು ನೋಡ್ತಿದ್ದ ಹೊತ್ತಿಗೆ ಚಂದ್ರನ ಮೇಲೆ ಇಳಿದಿದ್ದ ಆ ಇಬ್ಬರೂ ಇನ್ನೂ ಅಲ್ಲೇ ಇದ್ದರು ಅನ್ನೋದು ನನಗೆ ಎಷ್ಟೋ ವರ್ಷ ಆದಮೇಲೆ ಓದಿ ಗೊತ್ತಾಯ್ತು.

ಜಾಲಹಳ್ಳಿ ನಿವೃತ್ತ:

ಅಕ್ಕ ಹೇಳಿದ್ದು ನಿಜ. ಅವರು ಅಲ್ಲಿಂದ ಮೇಲೆದ್ದದ್ದು ನಮ್ಮ ಸಮಯ ರಾತ್ರಿ ಹನ್ನೊಂದೂವರೆಗೆ ಸ್ವಲ್ಪ ಮುಂಚೆ. ಅವರು ಇಳಿದಿದ್ದ ಜಾಗವೂ ಅವತ್ತು ಬೆಳಕಿದ್ದ ಭಾಗದಲ್ಲೇ ಇತ್ತು.

ಆ ರೇಡಿಯೋ ಒಳಗೆ ಕೆಂಪಗೆ ಕಾಯ್ತಿತ್ತಲ್ಲ, ಅದರ ಬಗ್ಗೆ ಎರಡು ಮಾತು. ಅದು ವಾಲ್ವ್. ಗಾಜಿನ ಬುರುಡೆ ಒಳಗೆ ತಂತಿ ಕಾದ ಮೇಲೇ ಅದು ಕೆಲಸ ಮಾಡೋದು, ಅದಕ್ಕೇ ಅಷ್ಟು ಹೊತ್ತು ಹಿಡೀತಿತ್ತು. ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲಿ 1961ರಿಂದ ರೇಡಿಯೋ ವಾಲ್ವ್ ತಯಾರಾಗ್ತಿತ್ತು, 1962ರಿಂದ ಜರ್ಮೇನಿಯಂ ಟ್ರಾನ್ಸಿಸ್ಟರ್. ಬೆಂಗಳೂರು ಅಂದರೆ ಈಗ ಸಾಫ್ಟ್‌ವೇರ್ ಅಂತಾರೆ. ಆಗಲೂ ಈ ಊರು ಸುಮ್ನೆ ಕೂತಿರಲಿಲ್ಲ. ವಿಮಾನಕ್ಕೆ ಎಚ್‌ಎಎಲ್, ಟೆಲಿಫೋನಿಗೆ ಐಟಿಐ, ಮೆಷಿನ್ನಿಗೂ ಕೈಗಡಿಯಾರಕ್ಕೂ ಎಚ್‌ಎಂಟಿ. ಎಚ್‌ಎಂಟಿ ವಾಚು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಶುರುವಾದದ್ದು. ಅದಾದ ಮೇಲೆ ಮದುವೆ ಮಾತುಕತೆಯಲ್ಲಿ ಅಳಿಯನಿಗೆ ವಾಚು ಅಂದರೆ ಎಚ್‌ಎಂಟಿ ಅಂತಲೇ ಆಯ್ತು.

ಆ ಸೋಮವಾರ ನಾನು ಮೊದಲನೇ ಶಿಫ್ಟು. ಫ್ಯಾಕ್ಟರಿ ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಒಬ್ಬ ಸಣ್ಣ ಟ್ರಾನ್ಸಿಸ್ಟರ್ ರೇಡಿಯೋ ತಂದು ಚೀಲದಲ್ಲಿ ಬಚ್ಚಿಟ್ಟಿದ್ದ. ಮೇಸ್ತ್ರಿ ನೋಡಿದರೂ ಏನೂ ಅನ್ನಲಿಲ್ಲ, ಬಂದು ತಾವೂ ಕಿವಿ ಕೊಟ್ಟರು. ನಾವು ಕೈಯಲ್ಲಿ ಮಾಡ್ತಿದ್ದ ವಸ್ತುವಿಗೂ ಆ ದನಿಗೂ ಸಂಬಂಧ ಇದೆ ಅಂತ ಅವತ್ತು ನನಗೆ ಬಹಳ ಹೆಮ್ಮೆ ಆಗಿತ್ತು. ಇವತ್ತಿಗೂ ಇದೆ.

ಹೊಸಬ:

ಪ್ರಶ್ನೆ. ರೇಡಿಯೋಗೆ ಲೈಸೆನ್ಸ್ ಬೇಕಿತ್ತು ಅಂತಾರಲ್ಲ, ನಿಜವಾ? ಟಿವಿಯಲ್ಲಿ ಯಾರೂ ನೋಡಲಿಲ್ವಾ?

ಗಾಂಧಿಬಜಾರ್ ಓದುಗ:

ನಿಜ ಮರಿ. ಪ್ರತಿ ಸೆಟ್ಟಿಗೂ ಒಂದು ಪುಸ್ತಕ, ವರ್ಷಕ್ಕೊಂದು ಸಲ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಬೇಕಿತ್ತು. ಟಿವಿ ಬೆಂಗಳೂರಿಗೆ ಬಂದದ್ದು 1981ರ ನವೆಂಬರ್ 1ಕ್ಕೆ. ಚಂದ್ರನ ಚಿತ್ರ ಓಡಾಡೋದನ್ನ ನಾವು ನೋಡಿದ್ದು ಥಿಯೇಟರಿನಲ್ಲಿ, ಸಿನಿಮಾ ಶುರುವಾಗೋ ಮುಂಚೆ ಹಾಕುವ ಫಿಲ್ಮ್ಸ್ ಡಿವಿಷನ್ನಿನ ನ್ಯೂಸ್ ರೀಲಿನಲ್ಲಿ. ಅದಕ್ಕೆ ತಡವಾಗಿ ಬರೋರು ಅವತ್ತು ಬೇಗ ಬಂದು ಕೂತಿದ್ದರು.

ನಗರ್ತಪೇಟೆ:

ಚಿನ್ನದ ಮಾತು ಬಂತು, ನಾನು ಬರೆಯದೆ ಇರಲಾರೆ. ನಮ್ಮದು ಅಕ್ಕಸಾಲಿಗರ ಮನೆ. ನಗರ್ತಪೇಟೆ ಗಲ್ಲಿಯೊಳಗೆ ಮನೆ ಮುಂದಿನ ಜಗಲಿಯೇ ಅಂಗಡಿ. ಪಟ್ಟಿಯಲ್ಲಿ ಚಿನ್ನ 63 ರೂಪಾಯಿ ಅಂತ ಬರೆಯೋರಿಗೆ ಆ 63 ರೂಪಾಯಿಯಲ್ಲಿ ಏನು ನಡೀತಿತ್ತು ಅಂತ ಗೊತ್ತಿಲ್ಲ.

1962ರ ಚೀನಾ ಯುದ್ಧದಲ್ಲಿ ಹೆಂಗಸರು ಬಳೆ, ಸರ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ನಮ್ಮ ಮನೆಯಿಂದಲೂ ಹೋಯಿತು, ಸಂತೋಷವಾಗಿಯೇ ಕೊಟ್ಟೆವು. ಮುಂದಿನ ಜನವರಿಯಲ್ಲಿ, ಅಂದರೆ 1963ರಲ್ಲಿ, ಚಿನ್ನದ ನಿಯಂತ್ರಣ ಬಂತು. ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿ. ಹೊಸದಾಗಿ ಮಾಡೋ ಒಡವೆ 14 ಕ್ಯಾರೆಟ್ಟಿಗಿಂತ ಹೆಚ್ಚಿರಬಾರದು ಅಂತ ಕಾನೂನು. ಹೊರದೇಶದಿಂದ ಕದ್ದು ಬರೋ ಚಿನ್ನ ನಿಲ್ಲಲಿ, ಜನ ಚಿನ್ನದ ಆಸೆ ಬಿಡಲಿ ಅಂತ ಉದ್ದೇಶ. ಆದರೆ ನಮ್ಮ ಕಡೆ ತಾಳಿಯನ್ನ 14 ಕ್ಯಾರೆಟ್ಟಿನಲ್ಲಿ ಯಾರು ಮಾಡಿಸ್ತಾರೆ? ಅಷ್ಟು ತಾಮ್ರ ಬೆಳ್ಳಿ ಬೆರೆತ ಚಿನ್ನ ಗಟ್ಟಿ, ಸುತ್ತಿಗೆಗೆ ಬಗ್ಗಲ್ಲ, ಸಣ್ಣ ಕುಸುರಿ ಹಿಡಿಯಲ್ಲ, ಬಣ್ಣವೂ ಸಪ್ಪೆ. ಗಿರಾಕಿ ಬರೋದೇ ನಿಲ್ತು. ನಮ್ಮ ತಂದೆ ಬೆಳಗ್ಗೆ ಕುಲುಮೆ ಹಚ್ಚಿ, ಊದುಗೊಳವೆ ಒರೆಸಿಟ್ಟು, ಗುಲಗಂಜಿ ಡಬ್ಬಿ ಮುಂದಿಟ್ಟುಕೊಂಡು ಸಂಜೆವರೆಗೆ ಕೂರೋರು. ಕಿವಿ ಓಲೆ ತಿರುಪು ಸರಿ ಮಾಡಿಸೋಕೆ ಒಬ್ಬರೋ ಇಬ್ಬರೋ ಬಂದರೆ ಅವತ್ತಿನ ಕಾಫಿಪುಡಿ ಬಂತು ಅಂತ ಲೆಕ್ಕ. ನಮ್ಮ ಗಲ್ಲಿಯಲ್ಲೇ ಎಷ್ಟೋ ಜನ ಕೆಲಸ ಬಿಟ್ಟರು. ಒಬ್ಬರು ಬಿನ್ನಿ ಮಿಲ್ಲಿಗೆ ಸೇರಿದರು, ಒಬ್ಬರು ಸೈಕಲ್ ಬಾಡಿಗೆ ಅಂಗಡಿ ಇಟ್ಟರು. ಮೂರು ತಲೆಮಾರಿನ ಕೈಚಳಕ ಇದ್ದವರು ಸೈಕಲ್ ಪಂಕ್ಚರ್ ಹಾಕ್ತಿದ್ದರು. ಅದನ್ನ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

14 ಕ್ಯಾರೆಟ್ ಕಟ್ಟು 1966ರಲ್ಲಿ ತೆಗೆದರು. ಆದರೆ 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆ ಅಂತಲೇ ಬಂತು. ಗಟ್ಟಿ ಚಿನ್ನ ಮನೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ, ವ್ಯಾಪಾರಕ್ಕೆ ಲೈಸೆನ್ಸು, ಕೆಲಸ ಮಾಡೋನಿಗೆ ಸರ್ಟಿಫಿಕೇಟು, ಒಂದೊಂದಕ್ಕೂ ಪುಸ್ತಕದಲ್ಲಿ ಬರೆಯಬೇಕು. ಅದು ಹೋಗಿದ್ದು 1990ರಲ್ಲಿ. ಹಾಗಾಗಿ ನೀವು ಹೇಳೋ 1969 ಜುಲೈ 21ರಂದು ನಮ್ಮ ತಂದೆ ಏನು ಮಾಡ್ತಿದ್ದರು ಅಂದರೆ, ಜಗಲಿ ಮೇಲೆ ಕೂತು ದೊಡ್ಡಣ್ಣನ ಕೈಲಿ ರಿಜಿಸ್ಟರ್ ಬರೆಸ್ತಿದ್ದರು. ಅವರಿಗೆ ಕೆಲಸ ಬರ್ತಿತ್ತು, ಬರೆಯೋಕೆ ಬರ್ತಿರಲಿಲ್ಲ. ಆಷಾಢವಾದ್ದರಿಂದ ಮದುವೆಯೂ ಇಲ್ಲ, ವ್ಯಾಪಾರವೂ ಇಲ್ಲ.

ಗಾಂಧಿಬಜಾರ್ ಓದುಗ:

ಅಣ್ಣಾ, ಇಂಥದ್ದನ್ನ ಓದಬೇಕು ಅಂತಲೇ ನಾನು ಈ ಚರ್ಚೆ ಶುರು ಮಾಡಿದ್ದು. ಪಟ್ಟಿಯಲ್ಲಿ ಬರೋದು ಬೆಲೆ ಮಾತ್ರ. ಆ ಬೆಲೆಗೆ ಆ ವಸ್ತು ಸಿಗ್ತಿತ್ತಾ, ಯಾರಿಗೆ ಸಿಗ್ತಿತ್ತು, ಅದನ್ನ ಮಾಡೋನ ಹೊಟ್ಟೆ ತುಂಬ್ತಿತ್ತಾ ಅನ್ನೋದು ಬರಲ್ಲ. ದಯವಿಟ್ಟು ಇದನ್ನ ಎಲ್ಲಾದರೂ ಬರೆದಿಡಿ.

ಚಾಮರಾಜಪೇಟೆ ಮಂಜುಳಕ್ಕ:

ಸಿಗ್ತಿತ್ತಾ ಅಂದರಲ್ಲ, ಅದಕ್ಕೆ ಸಕ್ಕರೆಗಿಂತ ಒಳ್ಳೆ ಉದಾಹರಣೆ ಬೇಡ. 1967ರಿಂದ ಸಕ್ಕರೆಗೆ ಎರಡು ಬೆಲೆ ಆಯ್ತು. ಕಾರ್ಖಾನೆಯ ಸಕ್ಕರೆಯಲ್ಲಿ ಒಂದು ಪಾಲು ಸರ್ಕಾರ ಹೇಳಿದ ಬೆಲೆಗೆ ರೇಷನ್ ಕಾರ್ಡಿಗೆ, ಮಿಕ್ಕಿದ್ದು ಪೇಟೆಯಲ್ಲಿ ಬೇಕಾದ ಬೆಲೆಗೆ. ಹಿಂಗಾಗಿ 1969ರಲ್ಲಿ ಸಕ್ಕರೆ ಎಷ್ಟಿತ್ತು ಅಂತ ಯಾರಾದರೂ ಕೇಳಿದರೆ ಯಾವ ಸಕ್ಕರೆ ಅಂತ ತಿರುಗಿ ಕೇಳಬೇಕು. ಕಾರ್ಡಿನ ಸಕ್ಕರೆ ತಿಂಗಳ ಮಧ್ಯಕ್ಕೇ ಮುಗೀತಿತ್ತು. ಆಮೇಲೆ ಮಕ್ಕಳ ಹಾಲಿಗೆ ಬೆಲ್ಲ. ನೆಂಟರು ಬಂದರೆ ಮಾತ್ರ ಸಕ್ಕರೆ ಹಾಕಿದ ಕಾಫಿ.

ಅಕ್ಕಿಯೂ ಅಷ್ಟೇ. ಬರದ ವರ್ಷಗಳಲ್ಲಿ ಅಮೆರಿಕದ ಗೋಧಿ, ಕೆಂಪು ಮೈಲೋ ಜೋಳ ತಿಂದವರು ನಾವು. ಅನ್ನ ಮುದ್ದೆ ಬಿಟ್ಟು ಬೇರೆ ಗೊತ್ತಿಲ್ಲದ ಮನೆಗಳಲ್ಲಿ ರಾತ್ರಿಗೆ ಚಪಾತಿ ಅನ್ನೋದು ಗಟ್ಟಿಯಾಗಿ ನೆಲೆ ನಿಂತದ್ದು ಆ ಕಾಲದಲ್ಲೇ ಅಂತ ನನ್ನ ಅಭಿಪ್ರಾಯ. ಅವತ್ತು ಸೋಮವಾರ ಅಲ್ವಾ. 1965ರಲ್ಲಿ ಶಾಸ್ತ್ರಿಯವರು ಸೋಮವಾರ ರಾತ್ರಿ ಊಟ ಬಿಡಿ ಅಂದಿದ್ದರಲ್ಲ, ಅವರು ಹೋಗಿ ಮೂರು ವರ್ಷ ದಾಟಿದ್ದರೂ ನಮ್ಮಮ್ಮ ಆ ಪದ್ಧತಿ ಬಿಟ್ಟಿರಲಿಲ್ಲ. ಅವತ್ತು ರಾತ್ರಿ ಒಲೆ ಹಚ್ಚಿಲ್ಲ. ಮಕ್ಕಳಿಗೆ ಅವಲಕ್ಕಿ ಮೊಸರು, ಅಮ್ಮನಿಗೆ ಒಂದು ಲೋಟ ಮಜ್ಜಿಗೆ. ಅವರು ಅದನ್ನ ದೇಶಕ್ಕೆ ಅಂತ ಮನಸಾರೆ ಮಾಡ್ತಿದ್ದರು. ಯಾರಾದರೂ ಇನ್ನೂ ಯಾಕಮ್ಮ ಅಂದರೆ ಅವರಿಗೆ ಕೋಪ ಬರೋದು.

ಒಲೆ ಅಂದೆ, ಅದು ಮರದ ಹೊಟ್ಟಿನ ಒಲೆ. ಸಾಮಿಲ್ಲಿನಿಂದ ಗೋಣಿಚೀಲದಲ್ಲಿ ಹೊಟ್ಟು ತರಬೇಕು. ತಗಡಿನ ಒಲೆಯ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಒತ್ತಿ ಒತ್ತಿ ತುಂಬಿ, ಆಮೇಲೆ ಬಾಟಲಿ ಮೆಲ್ಲಗೆ ತಿರುಗಿಸಿ ಮೇಲೆ ಎಳೀಬೇಕು. ಎಳೆಯುವಾಗ ಕೈ ನಡುಗಿದರೆ ಹೊಟ್ಟೆಲ್ಲ ಕುಸಿಯೋದು, ಮತ್ತೆ ಮೊದಲಿಂದ. ಕೆಳಗಿನ ಬಾಯಲ್ಲಿ ಒಂದು ಸೌದೆ ಹಚ್ಚಿಟ್ಟರೆ ಬೆಳಗಿನ ಅಡುಗೆ ಎಲ್ಲ ಅದರಲ್ಲೇ. ಸೀಮೆಎಣ್ಣೆ ಸ್ಟೋವು ಕಾಫಿಗೆ ಮಾತ್ರ. ಕಾರ್ಡಿಗೆ ಸಿಗೋ ಎಣ್ಣೆ ಅಷ್ಟೇ ತಾನೆ?

ಹಾಲಿನ ವಿಷಯಕ್ಕೆ ಮಾತ್ರ ಆ ಹೊತ್ತಿಗೆ ಸ್ವಲ್ಪ ಸುಖ. 1965ರಲ್ಲಿ ಬೆಂಗಳೂರು ಡೈರಿ ಬಂದ ಮೇಲೆ ಬಾಟಲಿ ಹಾಲು. ಅದಕ್ಕೂ ಬೆಳಗ್ಗೆ ಕತ್ತಲಲ್ಲೇ ಬೂತಿನ ಮುಂದೆ ಸಾಲು, ಆ ಸಾಲಲ್ಲಿ ನಿಲ್ಲೋದು ನನ್ನ ಕೆಲಸ.

ನಿವೃತ್ತ ಬ್ಯಾಂಕ್ ನೌಕರ:

ಬ್ಯಾಂಕಿನ ಬಗ್ಗೆ ಯಾರೂ ಬರೆದಿಲ್ಲ. ನಾನಾಗ ಹೊಸದಾಗಿ ಸೇರಿದ ಕ್ಲರ್ಕು, ಬ್ಯಾಂಕಿನ ಹೆಸರು ಬೇಡ. ಶನಿವಾರ ರಾತ್ರಿ ರೇಡಿಯೋದಲ್ಲಿ ಸುದ್ದಿ ಬಂತು. 50 ಕೋಟಿಗಿಂತ ಹೆಚ್ಚು ಠೇವಣಿ ಇರೋ 14 ಬ್ಯಾಂಕು ಇನ್ನು ಸರ್ಕಾರದ್ದು. ನಮ್ಮ ಕಡೆಯ ಕೆನರಾ, ಸಿಂಡಿಕೇಟ್ ಎರಡೂ ಆ ಪಟ್ಟಿಯಲ್ಲಿದ್ದವು. ಸೋಮವಾರ ಬೆಳಗ್ಗೆ ಎಲ್ಲ ಬದಲಾಗಿರುತ್ತೆ ಅಂತ ಹೋದರೆ ಅದೇ ಕೌಂಟರು, ಅದೇ ಹಿತ್ತಾಳೆ ಟೋಕನ್ನು, ಅದೇ ದಪ್ಪ ಲೆಡ್ಜರು. ಒಬ್ಬ ಅಜ್ಜ ಮಾತ್ರ ಬಂದು, ನನ್ನ ದುಡ್ಡು ಇನ್ನು ಇಂದಿರಮ್ಮನ ಹತ್ತಿರ ಇದೆಯಾ ಅಂತ ಕೇಳಿದರು. ಇಲ್ಲೇ ಇದೆ ಅಜ್ಜಾ ಅಂತ ಪಾಸ್‌ಬುಕ್ ತೋರಿಸಿ ಕಳಿಸಿದೆ.

ಬದಲಾವಣೆ ಬಂದದ್ದು ಆಮೇಲೆ. ಹಳ್ಳಿಗಳಲ್ಲಿ ಶಾಖೆ ತೆರೆದರು, ಗಾಡಿ ಎಳೆಯೋನಿಗೂ ಹೊಲಿಗೆಯವನಿಗೂ ಸಣ್ಣ ಸಾಲ ಸಿಕ್ಕಿತು. ಅದಕ್ಕೂ ಮುಂಚೆ ಅಂಥವರು ಬ್ಯಾಂಕಿನ ಮೆಟ್ಟಿಲು ಹತ್ತಿದ್ದು ನಾನು ನೋಡಿಲ್ಲ. ನಗರ್ತಪೇಟೆಯವರ ಸೈಕಲ್ ಅಂಗಡಿಗೆ ದುಡ್ಡು ಬಂದದ್ದು ಬಡ್ಡಿ ಸಾಹುಕಾರನಿಂದಲೇ ಇರಬೇಕು.

ನಗರ್ತಪೇಟೆ:

ಹೌದು ಸರ್, ಮಾರ್ವಾಡಿ ಹತ್ತಿರ. ಒಡವೆ ಮಾಡೋರ ಮನೆಯವರೇ ಒಡವೆ ಒತ್ತೆ ಇಟ್ಟು.

ಮೆಜೆಸ್ಟಿಕ್ ಪ್ರೇಮಿ:

ಎಲ್ಲರೂ ಕಷ್ಟವನ್ನೇ ಬರೀತಿದ್ದೀರಿ. ಕಷ್ಟ ಇತ್ತು, ಒಪ್ಪಿದೆ. ಆದರೆ ನಾವು ನಗುನಗುತ್ತಾ ಇದ್ದೆವು ಕೂಡ! ಸಿನಿಮಾ ಬಿಟ್ಟರೆ ಈ ದಿನ ಪೂರ್ತಿ ಆಗಲ್ಲ.

1969ರ ಮೆಜೆಸ್ಟಿಕ್ ಅಂದರೆ ಅಕ್ಕಪಕ್ಕದಲ್ಲೇ ಸಾಲು ಸಾಲು ಥಿಯೇಟರು. ಸಾಗರ್, ಕೆಂಪೇಗೌಡ, ಸ್ಟೇಟ್ಸ್, ಹಿಮಾಲಯ, ಅಲಂಕಾರ್, ಹಿಂದಿನ ವರ್ಷ ತಾನೇ ಶುರುವಾಗಿದ್ದ ಕಪಾಲಿ. ಕಪಾಲಿಯ ಪರದೆ ನೋಡೋಕೆ ಅಂತಲೇ ಊರುಗಳಿಂದ ಜನ ಬರೋರು. ನಾವು ಗಾಂಧಿ ಕ್ಲಾಸಿನವರು. ಪರದೆಯ ಮುಂದೆಯೇ ಬೆಂಚು, ಟಿಕೆಟ್ಟಿಗೆ ಕಬ್ಬಿಣದ ಕಂಬಿ ನಡುವೆ ನುಗ್ಗಾಟ, ಅಂಗಿ ಗುಂಡಿ ಕಿತ್ತು ಹೋದರೂ ಚಿಂತೆ ಇಲ್ಲ. ಹೊರಗೆ ಹತ್ತು ಪೈಸೆಗೆ ಹಾಡಿನ ಪುಸ್ತಕ. ತೆಳ್ಳಗಿನ ಕಾಗದ, ಒಳಗೆ ಅರ್ಧ ಕತೆ ಬರೆದು ಮುಂದಿನದನ್ನ ಬೆಳ್ಳಿತೆರೆಯ ಮೇಲೆ ನೋಡಿ ಅಂತ ಮುಗಿಸಿರೋರು.

ಕನ್ನಡ ಚಿತ್ರಕ್ಕೆ ಆಗ ಮೆಜೆಸ್ಟಿಕ್ಕಿನಲ್ಲಿ ಜಾಗ ಸಿಗೋದೇ ಕಷ್ಟ ಇತ್ತು, ಇದನ್ನ ಈಗಿನವರು ತಿಳಿಯಬೇಕು. ತಮಿಳು, ಹಿಂದಿ, ಇಂಗ್ಲಿಷ್ ಚಿತ್ರಗಳದ್ದೇ ಭರಾಟೆ. ನಮ್ಮ ಚಿತ್ರಗಳು ತಯಾರಾಗ್ತಿದ್ದದ್ದೂ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ, ಕೆಲವು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ. ಪೂರ್ತಿ ಬಣ್ಣದ ಮೊದಲ ಕನ್ನಡ ಚಿತ್ರ ಅಮರಶಿಲ್ಪಿ ಜಕಣಾಚಾರಿ ಬಂದದ್ದು 1964ರಲ್ಲಿ. ಅದಾಗಿ ಐದು ವರ್ಷ ಆದರೂ ಮುಕ್ಕಾಲು ಪಾಲು ಕಪ್ಪು ಬಿಳುಪೇ, ಬಣ್ಣಕ್ಕೆ ದುಡ್ಡೆಲ್ಲಿ? ಆದರೂ ಬಿಡಲಿಲ್ಲ. ರಾಜ್‌ಕುಮಾರ್ 1968ಕ್ಕೇ ನೂರು ಚಿತ್ರ ಮುಗಿಸಿದ್ದರು. ಪುರಾಣ, ಇತಿಹಾಸದ ಪಾತ್ರ ಮಾಡ್ತಿದ್ದವರು ಅದೇ ವರ್ಷ ಜೇಡರ ಬಲೆಯಲ್ಲಿ ಕೋಟು ಹಾಕಿ ಪತ್ತೇದಾರನಾಗಿ ಬಂದಾಗ ನಮಗೆ ಆದ ಖುಷಿ ಹೇಳತೀರದು. ಪುಟ್ಟಣ್ಣ ಕಣಗಾಲ್ 1967ರಿಂದ ಕನ್ನಡದಲ್ಲಿ ಚಿತ್ರ ಮಾಡೋಕೆ ಶುರು ಮಾಡಿದ ಮೇಲೆ ಮನೆ ಹೆಂಗಸರೆಲ್ಲ ಮ್ಯಾಟಿನಿಗೆ ಗುಂಪು ಕಟ್ಟಿಕೊಂಡು ಹೋಗೋಕೆ ಶುರು ಮಾಡಿದರು. ಹಾಡು ಅಂದರೆ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್ ನಾಗೇಂದ್ರ ಇವರ ರಾಗ. ಆಕಾಶವಾಣಿಯಲ್ಲಿ ಚಿತ್ರಗೀತೆ ಬರೋ ಹೊತ್ತಿಗೆ ರಸ್ತೆಯಲ್ಲಿ ನಡೆದುಕೊಂಡು ಹೋದರೆ ಸಾಕು, ಮನೆಯಿಂದ ಮನೆಗೆ ಹಾಡು ಮುಂದುವರಿಯೋದು, ಒಂದು ಪದ ತಪ್ತಿರಲಿಲ್ಲ.

ಹೊಸಬ:

ಬುಧವಾರದ ಬಿನಾಕಾ?

ಮೆಜೆಸ್ಟಿಕ್ ಪ್ರೇಮಿ:

ಅದಿಲ್ಲದೆ ಇರುತ್ತಾ! ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನಿನಲ್ಲಿ ಹಿಂದಿ ಹಾಡಿನ ಬಿನಾಕಾ ಗೀತ್‌ಮಾಲಾ, ಅಮೀನ್ ಸಯಾನಿ ದನಿ. ನಮ್ಮ ಅಕ್ಕಂದಿರು ಹಣೆ ಮೇಲೆ ಕೂದಲು ಬಿಟ್ಟು ನಟಿ ಸಾಧನಾ ಥರ ಸಾಧನಾ ಕಟ್ ಮಾಡಿಸಿಕೊಂಡದ್ದು, ನಾವು ಬಿಗಿ ಪ್ಯಾಂಟ್ ಹೊಲಿಸಿಕೊಂಡದ್ದು ಎಲ್ಲ ಆ ಹಿಂದಿ ಗಾಳಿಯಿಂದಲೇ. ಟೆರಿಲಿನ್ ಶರ್ಟ್ ಒಂದು ಇದ್ದರೆ ಸಾಕು, ರಾತ್ರಿ ಒಗೆದು ಹಾಕಿದರೆ ಬೆಳಗ್ಗೆ ಇಸ್ತ್ರಿ ಬೇಡ. ಕ್ರಿಕೆಟ್ಟಿನಲ್ಲಿ ಪ್ರಸನ್ನ, ಚಂದ್ರಶೇಖರ್ ನಮ್ಮ ದೇವರು. ವಿಶ್ವನಾಥ್ ಇನ್ನೂ ಟೆಸ್ಟ್ ಆಡಿರಲಿಲ್ಲ. ಅದೇ ನವೆಂಬರಿನಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್, ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೇದರಲ್ಲಿ 137.

ಮಲ್ಲೇಶ್ವರದ ಅಕ್ಕ:

ಚಿಲ್ಲರೆ ವಿಷಯ ಒಂದು ಕೇಳ್ತೀನಿ. ಹಳದಿ ಬಣ್ಣದ ಇಪ್ಪತ್ತು ಪೈಸೆ, ಮೇಲೆ ಕಮಲದ ಹೂವು. ಅದು ಆಗಲೇ ಬಂದಿತ್ತಲ್ವಾ?

ನಿವೃತ್ತ ಬ್ಯಾಂಕ್ ನೌಕರ:

ಬಂದಿತ್ತು ಮೇಡಂ, 1968ರಿಂದ. ಬ್ಯಾಂಕಿಗೆ ಮೂಟೆಯಲ್ಲಿ ಬಂದರೂ ಸಂಜೆಗೆ ಖಾಲಿ. ಕಮಲ ಅಂದರೆ ಲಕ್ಷ್ಮಿ ಅಂತ ಹೆಂಗಸರೆಲ್ಲ ಪೂಜೆಗೆ ಎತ್ತಿಡ್ತಿದ್ದರು, ಚಲಾವಣೆಗೆ ತಿರುಗಿ ಬರ್ತಿರಲಿಲ್ಲ. 1969ರಲ್ಲೇ ಗಾಂಧಿ ಶತಮಾನೋತ್ಸವಕ್ಕೆ ಗಾಂಧೀಜಿ ಮುಖದ ಇಪ್ಪತ್ತು ಪೈಸೆಯೂ ಬಂತು. ಸಣ್ಣದರಲ್ಲಿ ಒಂದು, ಎರಡು, ಮೂರು ಪೈಸೆ ಇನ್ನೂ ಓಡ್ತಿದ್ದವು. ಪೈಸೆ ಬಂದು ಹನ್ನೆರಡು ವರ್ಷ ಆಗಿದ್ದರೂ ತರಕಾರಿಯವಳು ನಾಲ್ಕಾಣೆ, ಎಂಟಾಣೆ ಅಂತಲೇ ವ್ಯಾಪಾರ ಮಾಡ್ತಿದ್ದಳು.

ಕಾಗದದ ಬೆಲೆಯೂ ಬರೆದುಬಿಡ್ತೀನಿ, ಪಟ್ಟಿಗಳಲ್ಲಿ ಇದು ತಪ್ಪು ಬರುತ್ತೆ. ಇನ್‌ಲ್ಯಾಂಡ್ ಲೆಟರ್ 10 ಪೈಸೆ ಇದ್ದದ್ದು 1968ರಲ್ಲಿ 15 ಆಯ್ತು, ಪೋಸ್ಟ್ ಕಾರ್ಡ್ 10 ಆಯ್ತು. ಹಾಗಾಗಿ 1969ರಲ್ಲಿ ಊರಿಗೆ ಕಾಗದ ಹಾಕಿ ಚಂದ್ರನ ಸುದ್ದಿ ಬರೆದವರು 15 ಪೈಸೆ ಕೊಟ್ಟಿರುತ್ತಾರೆ.

ಗಾಂಧಿಬಜಾರ್ ಓದುಗ:

ಎಲ್ಲರಿಗೂ ಋಣಿ. ಇದನ್ನೆಲ್ಲ ಒಂದು ಕಡೆ ಜೋಡಿಸ್ತೀನಿ, ಯಾರಿಗಾದರೂ ಬೇಡ ಅನಿಸಿದರೆ ತಿಳಿಸಿ. ಮುಂದಿನ ಸಲ 1966 ಜೂನ್ 6 ಹಿಡಿಯೋಣ ಅಂತಿದ್ದೀನಿ, ರೂಪಾಯಿ ಇಳಿಸಿದ ದಿನ. ಅದೂ ಸೋಮವಾರವೇ. ಬಳೇಪೇಟೆ, ತರಗುಪೇಟೆ ಕಡೆ ಮಂಡಿ ಅಂಗಡಿ ಇದ್ದ ಮನೆತನದವರು ಯಾರಾದರೂ ಇಲ್ಲಿ ಓದ್ತಿದ್ದರೆ ಅಂಗಡಿಯ ಹಳೇ ಕಿರ್ದಿ ಪುಸ್ತಕ ಅಟ್ಟದ ಮೇಲೆ ಇದೆಯಾ ನೋಡಿ. ಆ ವಾರ ಬೇಳೆ, ಎಣ್ಣೆ ಏನಾಯ್ತು ಅಂತ ಅದರಲ್ಲಿ ಇರುತ್ತೆ. ಪುಟದ ಫೋಟೋ ತೆಗೆದು ಹಾಕಿದರೆ, ಹಳೇ ಲೆಕ್ಕದ ಪುಸ್ತಕಗಳಲ್ಲಿ ಕೂಡಿಸಿ ಬರೀತಿದ್ದ ಮೋಡಿ ಅಕ್ಷರ ಓದೋಕೆ ನಮ್ಮ ಬೀದಿಯಲ್ಲೇ ಒಬ್ಬರು ಇದ್ದಾರೆ, ನಾನು ಓದಿಸಿ ಬರೀತೀನಿ.